ಬೀದಿಯ ಅರ್ಜಿಗೆ ಸಹಿ ಹಾಕಲೇ, ಬೇಡವೇ?

ಪ್ರಶ್ನೆ: ನಮ್ಮದು ಮೈಸೂರಿನ ಹಳೇ ಅಗ್ರಹಾರದ ಬೀದಿಯಲ್ಲಿರುವ ತೊಟ್ಟಿ ಮನೆ. ತಾತ ಕಟ್ಟಿಸಿದ್ದು, ನೂರು ವರ್ಷದ ಹತ್ತಿರ ಬಂದಿದೆ. ಅಣ್ಣತಮ್ಮಂದಿರು ಮೂವರ ಹೆಸರಿನಲ್ಲಿದೆ. ಇರುವುದು ನಾನು ಮತ್ತು ಅಮ್ಮ ಮಾತ್ರ. ಬೀದಿಯಲ್ಲಿ ಈಗಾಗಲೇ ಎರಡು ಮನೆ ಹೋಗಿ ನಾಲ್ಕು ಮಹಡಿಯ ಕಟ್ಟಡ ಎದ್ದಿವೆ. ನಮ್ಮನ್ನೂ ಒಬ್ಬ ಬಿಲ್ಡರ್ ಕೇಳುತ್ತಿದ್ದಾರೆ. ಇದೇ ಹೊತ್ತಿಗೆ ಬೀದಿಯ ಕೆಲವರು ‘ನಮ್ಮದನ್ನು ಪಾರಂಪರಿಕ ಬೀದಿ ಎಂದು ಘೋಷಿಸಿ’ ಅಂತ ಅರ್ಜಿ ಬರೆದು ಸಹಿ ಕೇಳಿದ್ದಾರೆ. ಅದರ ಪ್ರತಿ ಕಳಿಸಿದ್ದೇನೆ. ಸಹಿ ಹಾಕಿದರೆ ಮೊಳೆ ಹೊಡೆಯಲೂ ಸರ್ಕಾರದ ಅಪ್ಪಣೆ ಬೇಕಾಗುತ್ತದೆ, ಸುತ್ತ ನೂರು ಮೀಟರ್ ಏನೂ ಕಟ್ಟುವಂತಿಲ್ಲ ಎಂದು ದೊಡ್ಡಣ್ಣ ಹೆದರಿಸುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಸಹಿ ಹಾಕಿ. ಆದರೆ ಈಗಿರುವ ಅರ್ಜಿಗೆ ಬೇಡ. ನೀವು ಕಳಿಸಿದ ಪ್ರತಿ ಓದಿದೆ. ಅರ್ಧ ಪುಟ ಮೈಸೂರಿನ ಹಿರಿಮೆ, ಕೊನೆಗೆ ಒಂದು ಸಾಲಿನ ಬೇಡಿಕೆ. ಘೋಷಿಸಿದ ಮೇಲೆ ಏನಾಗಬೇಕು ಅನ್ನುವ ಮಾತೇ ಅದರಲ್ಲಿಲ್ಲ. ಅದನ್ನು ನೀವು ಬರೆಯದೆ ಖಾಲಿ ಬಿಟ್ಟರೆ, ನಿಮ್ಮ ಬೀದಿಯನ್ನು ಒಮ್ಮೆಯೂ ನೋಡದವರು ಯಾರೋ ತುಂಬುತ್ತಾರೆ.

ಮೊದಲು ದೊಡ್ಡಣ್ಣನ ಭಯದ ವಿಷಯ. ನೂರು ಮೀಟರ್ ಮಾತು ಅವರು ಸುಮ್ನೆ ಕಟ್ಟಿ ಹೇಳಿದ್ದಲ್ಲ. ಅಂಥ ಕಾನೂನು ಇದೆ. ಪುರಾತನ ಸ್ಮಾರಕಗಳಿಗೆಂದು ಕೇಂದ್ರ ಸರ್ಕಾರ 1958ರಲ್ಲಿ ಮಾಡಿದ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಬಂತು. ಅದರಂತೆ ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರ್‌ವರೆಗೆ ಕಟ್ಟಬೇಕಾದರೆ ಅನುಮತಿ ಬೇಕು. ಶ್ರೀರಂಗಪಟ್ಟಣದಲ್ಲಿ ನೆಂಟರಿದ್ದರೆ ಕೇಳಿ ನೋಡಿ, ಅದರ ಬಿಸಿ ಹೇಗಿರುತ್ತದೆ ಅಂತ ಹೇಳುತ್ತಾರೆ. ಆದರೆ ಅದು ದರಿಯಾ ದೌಲತ್‌ನಂಥ ಸ್ಮಾರಕಗಳ ಮಾತು. ಜನ ಇನ್ನೂ ಒಲೆ ಹಚ್ಚಿ ಬದುಕುತ್ತಿರುವ ನಿಮ್ಮ ಮನೆಗೂ ಅದಕ್ಕೂ ಸಂಬಂಧವಿಲ್ಲ.

ನಿಮಗೆ ತಾಗುವುದು ರಾಜ್ಯದ ಕಾನೂನು, 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಪಾರಂಪರಿಕ ಕಟ್ಟಡ ಅಂದರೇನು, ಪಾರಂಪರಿಕ ಪ್ರದೇಶ ಅಂದರೇನು ಅನ್ನುವುದನ್ನು ಅದರಲ್ಲಿ ಹೇಳಿದ್ದಾರೆ. ಘೋಷಿಸುವ ಅಧಿಕಾರ ಊರಿನ ಯೋಜನಾ ಪ್ರಾಧಿಕಾರಕ್ಕೇ ಇದೆ. ಹಾಗೆ ಘೋಷಿಸಿದ ಮೇಲೆ ಮನೆಯವರ ಕೈಗೆ ಏನು ಬರುತ್ತದೆ ಅಂತ ಕೇಳಿದರೆ ಮಾತ್ರ ಉತ್ತರ ತೆಳುವಾಗುತ್ತದೆ.

ಇನ್ನು ಮೊಳೆಯ ಮಾತು. ನಮ್ಮ ದೇಶದಲ್ಲಿ ಇಡೀ ನಗರಕ್ಕೆ ಇಂಥ ನಿಯಮ ಮೊದಲು ಮಾಡಿದ್ದು ಮುಂಬೈ, 1995ರಲ್ಲಿ. ಅಲ್ಲಿ ಕಟ್ಟಡಗಳನ್ನು ಮೂರು ದರ್ಜೆಯಾಗಿ ವಿಂಗಡಿಸಿದರು. ವಿ.ಟಿ. ಸ್ಟೇಷನ್‌ನಂಥ ಮೊದಲ ದರ್ಜೆಯವನ್ನು ಮುಟ್ಟುವುದೇ ಕಷ್ಟ. ಎರಡನೆಯದರಲ್ಲಿ ಒಳಗೆ ಒಂದಷ್ಟು ಬದಲಾವಣೆಗೆ ಅವಕಾಶವಿದೆ. ಮೂರನೆಯದು ಇನ್ನೂ ಸಡಿಲ. ಬೀದಿಯ ಚಹರೆ ಕೆಡದಿದ್ದರೆ ಸಾಕು ಅನ್ನುವ ಧೋರಣೆ. ನಿಮ್ಮಂಥ ಮನೆಗೆ ಹೊಂದುವುದು ಈ ಕೊನೆಯದೇ. ಬಚ್ಚಲು ಹೊಸದು ಮಾಡಿಸಿ, ವೈರಿಂಗ್ ಬದಲಿಸಿ, ಅಡುಗೆಮನೆಗೆ ಗ್ರಾನೈಟ್ ಹಾಕಿಸಿ. ಬೀದಿಗೆ ಲೆಕ್ಕವಿರುವುದು ಜಗಲಿ, ಕಂಬ, ಸೂರಿನ ಎತ್ತರ, ಬಾಗಿಲು, ಕಿಟಕಿ. ನಿಮ್ಮ ಅರ್ಜಿಯಲ್ಲಿ ಇಷ್ಟನ್ನೇ ಬಿಡಿಸಿ ಬರೆದರೆ ದೊಡ್ಡಣ್ಣನ ಭಯ ಮುಕ್ಕಾಲು ಪಾಲು ಇಳಿಯುತ್ತದೆ.

ಈಗ ನನ್ನ ಭಯ ಹೇಳುತ್ತೇನೆ. ಅದು ನಿಮ್ಮ ಅಣ್ಣನ ಭಯಕ್ಕೆ ತಿರುಗುಮುರುಗು. ಘೋಷಣೆಯಿಂದ ನಿಮ್ಮ ಕೈ ಕಟ್ಟಿಹೋಗುತ್ತದೆ ಅನ್ನುವ ಚಿಂತೆ ನನಗೆ ಅಷ್ಟಿಲ್ಲ. ಘೋಷಣೆಯಾದರೂ ಏನೂ ಆಗದೆ, ಹತ್ತು ಮಳೆಗಾಲ ಕಳೆದು ಮನೆ ತಾನೇ ಕುಸಿಯಬಹುದು ಅನ್ನುವುದೇ ಚಿಂತೆ.

ಇದಕ್ಕೆ ಉದಾಹರಣೆ ಹುಡುಕಲು ನೀವು ಊರು ಬಿಡಬೇಕಿಲ್ಲ. ಚಿಕ್ಕ ಗಡಿಯಾರದ ಹತ್ತಿರ ಹೋಗಿ. ಲ್ಯಾನ್ಸ್‌ಡೌನ್ ಕಟ್ಟಡ 1892ರದು. ವೈಸ್‌ರಾಯ್ ಹೆಸರು ಹೊತ್ತ ಕಟ್ಟಡವಾದರೂ ಮೈಸೂರಿನ ನಮ್ಮಂಥವರಿಗೆ ಅದು ಹಳೇ ಪುಸ್ತಕದ ಅಂಗಡಿಗಳ ಸಾಲು. ನನ್ನ ಕಾಲೇಜಿನ ಪಠ್ಯಪುಸ್ತಕಗಳಲ್ಲಿ ಅರ್ಧ ಅಲ್ಲೇ ಕೊಂಡವು. ಅದು ಪಾರಂಪರಿಕ ಕಟ್ಟಡ ಅನ್ನುವುದು ಊರಿಗೆಲ್ಲ ಗೊತ್ತಿತ್ತು. 2012ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. ನಾಲ್ಕು ವರ್ಷದ ಮೇಲೆ, 2016ರ ಆಗಸ್ಟ್‌ನಲ್ಲಿ, ದೇವರಾಜ ಮಾರುಕಟ್ಟೆಯ ಉತ್ತರದ ಭಾಗ ಬಿತ್ತು. ಅದೂ ದುರಸ್ತಿ ಕೆಲಸ ನಡೆಯುತ್ತಿದ್ದಾಗಲೇ. ಭಾನುವಾರವಾದ್ದರಿಂದ ಜನ ಉಳಿದರು.

ಆಮೇಲೆ ನಡೆದದ್ದು ತಜ್ಞರ ಜಗಳ. ಗಟ್ಟಿ ಮಾಡಿ ಉಳಿಸಬಹುದು ಅಂತ ಒಂದು ವರದಿ, ಕೆಡವಿ ಹೊಸದಾಗಿ ಕಟ್ಟುವುದೇ ಸರಿ ಅಂತ ಇನ್ನೊಂದು. ಎರಡೂ ಕೋರ್ಟಿಗೆ ಹೋದವು. 2023ರಲ್ಲಿ ಹೈಕೋರ್ಟ್ ಎರಡು ಕಟ್ಟಡಗಳನ್ನೂ ಕೆಡವಿ ಮತ್ತೆ ಕಟ್ಟುವ ತೀರ್ಮಾನಕ್ಕೆ ದಾರಿ ಬಿಟ್ಟಿತು. ನನ್ನನ್ನು ಕೇಳಿದರೆ ನಾನು ಉಳಿಸಬಹುದಿತ್ತು ಅನ್ನುವ ಗುಂಪಿನವನು. ಆದರೂ ಒಂದು ಮಾತು ಒಪ್ಪಿಕೊಳ್ಳಬೇಕು. ನಾವು ತಜ್ಞರು ವಾದ ಮಾಡುತ್ತಿದ್ದ ಅಷ್ಟೂ ವರ್ಷ ಮಳೆ ನಿಲ್ಲಲಿಲ್ಲ. ಬಿರುಕು ಬಿಟ್ಟ ಗೋಡೆಯ ಮೇಲೆ ಆಲದ ಸಸಿ ಬೆಳೆಯುವುದಕ್ಕೆ ಯಾವ ಕೋರ್ಟಿನ ತಡೆಯಾಜ್ಞೆಯೂ ಅಡ್ಡ ಬರುವುದಿಲ್ಲ.

ಆ ಮಾರುಕಟ್ಟೆಯಲ್ಲಿ 700ಕ್ಕೂ ಹೆಚ್ಚು ಅಂಗಡಿಗಳಿವೆ. ಯಾವ ಮೂಲೆಯಲ್ಲಿ ನೀರು ಸೋರುತ್ತದೆ, ಯಾವ ಕಮಾನಿನಿಂದ ಗಾರೆ ಉದುರುತ್ತದೆ ಅನ್ನುವುದು ಮೊದಲು ಗೊತ್ತಾಗುವುದು ಅದರ ಕೆಳಗೆ ಕೂತು ಹೂವು ಕಟ್ಟುವವರಿಗೆ, ಕುಂಕುಮ ಮಾರುವವರಿಗೆ. ಅವರು ಕಂಡದ್ದು ಬರಹಕ್ಕೆ ಇಳಿದು, ದುಡ್ಡಾಗಿ, ಮುಂದಿನ ಮಳೆಯೊಳಗೆ ಗಾರೆ ಕೆಲಸದವರನ್ನು ಕರೆತರುವ ದಾರಿ ಬೇಕು. ಆ ದಾರಿ ಇಲ್ಲದೆ ಹೋದರೆ ತಜ್ಞರು ಬರುವ ಹೊತ್ತಿಗೆ ಉಳಿಯುವ ಪ್ರಶ್ನೆ ಒಂದೇ, ಕೆಡವಬೇಕೋ ಬೇಡವೋ ಅನ್ನುವುದು. ನಿಮ್ಮ ಬೀದಿಯ ಅರ್ಜಿ ಈ ದಾರಿಯನ್ನು ಕೇಳಬೇಕು.

ಬೆಂಗಳೂರಿನ ಅಠಾರಾ ಕಚೇರಿಯನ್ನು ನೋಡಿ. 1868ರದು. ಅದನ್ನೂ 1980ರ ದಶಕದಲ್ಲಿ ಕೆಡವುವ ಮಾತು ಬಂದಿತ್ತು. ಜನ ವಿರೋಧಿಸಿದರು, ಕಟ್ಟಡ ಉಳಿಯಿತು. ಆ ಹೋರಾಟಕ್ಕೆ ನಮಸ್ಕಾರ. ಆದರೆ ಇವತ್ತಿಗೂ ಅದು ನಿಂತಿರುವುದಕ್ಕೆ ಒಳಗೆ ಹೈಕೋರ್ಟ್ ಇರುವುದು ಅಷ್ಟೇ ದೊಡ್ಡ ಕಾರಣ ಅಂತ ನನಗನ್ನಿಸುತ್ತದೆ. ಸೋರಿದರೆ ಕೇಳುವವರು ಒಳಗೇ ಇದ್ದಾರೆ!

ಬೀದಿಯ ಮಟ್ಟದಲ್ಲಿ ಈ ಕೆಲಸ ಹೇಗಾಗಬಹುದು ಅನ್ನುವುದಕ್ಕೆ ನಾನು ಎಲ್ಲರಿಗೂ ತೋರಿಸುವುದು ಪುದುಚೇರಿಯ ವೈಶ್ಯಾಳ್ ಬೀದಿ. ಅಲ್ಲಿ ಪ್ರವಾಸಿಗರು ಫೋಟೋ ಹೊಡೆಯುವ ಹಳದಿ ಗೋಡೆಯ ಫ್ರೆಂಚ್ ಬೀದಿ ಅಲ್ಲ ಇದು, ಕಾಲುವೆಯಾಚೆ ತಮಿಳರು ಇರುವ ಕಡೆಯದು. ನಮ್ಮ ಜಗಲಿಗೆ ಅವರು ತಿಣ್ಣೈ ಅನ್ನುತ್ತಾರೆ. 2000ರ ದಶಕದ ಮೊದಲ ವರ್ಷಗಳಲ್ಲಿ ಪರಂಪರೆ ಉಳಿಸುವ ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆ ಯುರೋಪಿಯನ್ ಒಕ್ಕೂಟದ ನೆರವಿನ ಒಂದು ಯೋಜನೆಯಲ್ಲಿ ಆ ಬೀದಿಯ ಸುಮಾರು 20 ಮನೆಗಳ ಮುಂಭಾಗ ಸರಿಮಾಡಿಸಿತು. ಖರ್ಚಿನಲ್ಲಿ ಒಂದು ಪಾಲು ಯೋಜನೆಯದು, ಇನ್ನೊಂದು ಪಾಲು ಮನೆಯವರದು. ಈ ಹಂಚಿಕೆಯೇ ಅದರ ಗುಟ್ಟು ಅಂತ ನನ್ನ ಎಣಿಕೆ. ಪೂರ್ತಿ ಬಿಟ್ಟಿ ಸಿಕ್ಕಿದ್ದರೆ ಮನೆಯವರು ಕೈಕಟ್ಟಿ ನೋಡುತ್ತಿದ್ದರು. ಪೂರ್ತಿ ಅವರ ತಲೆಗೇ ಕಟ್ಟಿದ್ದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ತಮ್ಮ ದುಡ್ಡೂ ಸೇರಿದ್ದರಿಂದ ಗಾರೆಯವರ ತಲೆಯ ಮೇಲೆ ನಿಂತು ಕೆಲಸ ಮಾಡಿಸಿದರು. 2008ರಲ್ಲಿ ಅದಕ್ಕೆ ಯುನೆಸ್ಕೋ ಪ್ರಶಸ್ತಿಯೂ ಬಂತು. ಹಾಗಂತ ಪುದುಚೇರಿಯಲ್ಲಿ ಎಲ್ಲವೂ ಚೆನ್ನಾಗಿದೆ ಅನ್ನಬೇಡಿ. ಅಲ್ಲಿಯ ಪುರಭವನ, ಸಮುದ್ರದ ಎದುರಿನ ಮೇರಿ ಕಟ್ಟಡ, 2014ರ ನವೆಂಬರ್ ಮಳೆಗೆ ಕುಸಿಯಿತು. ಈಗಿರುವುದು ಅದೇ ರೂಪದಲ್ಲಿ ಮತ್ತೆ ಕಟ್ಟಿದ್ದು.

ಈಗ ಅರ್ಜಿಯನ್ನು ಹೊಸದಾಗಿ ಬರೆಯೋಣ. ಅದಕ್ಕೂ ಮೊದಲು ಒಂದು ಭಾನುವಾರ ಬೀದಿಯ ಹುಡುಗರನ್ನು ಸೇರಿಸಿ ಮನೆಮನೆಯ ಲೆಕ್ಕ ತೆಗೆಯಿರಿ. ಎಷ್ಟು ಮನೆಗೆ ಜಗಲಿ ಉಳಿದಿದೆ, ಸೂರು ನೆಲದಿಂದ ಎಷ್ಟು ಅಡಿ ಎತ್ತರದಲ್ಲಿದೆ, ಯಾವುದು ಸೋರುತ್ತಿದೆ, ಯಾವುದಕ್ಕೆ ಬೀಗ ಬಿದ್ದಿದೆ, ಬಾವಿ ಎಲ್ಲೆಲ್ಲಿದೆ. ಪ್ರತಿ ಮನೆಯದೂ ಎದುರಿನಿಂದ ಒಂದು ಫೋಟೋ. ಇದಕ್ಕೆ ಆರ್ಕಿಟೆಕ್ಟ್ ಬೇಕಿಲ್ಲ, ಅಳತೆ ಟೇಪು ಸಾಕು. ಹೀಗೆ ಪಟ್ಟಿ ಹಿಡಿದು ಕಚೇರಿಗೆ ಹೋದವರ ಮಾತಿಗೂ ಬರಿಗೈಯಲ್ಲಿ ಹೋದವರ ಮಾತಿಗೂ ಎಷ್ಟು ವ್ಯತ್ಯಾಸ ಅಂತ ನಾನು ಕಣ್ಣಾರೆ ಕಂಡಿದ್ದೇನೆ. ಪರಂಪರೆ ಇಲಾಖೆಯ ಹತ್ತಿರ ನಿಮ್ಮ ಪ್ರದೇಶದ ಪಾರಂಪರಿಕ ಕಟ್ಟಡಗಳ ಪಟ್ಟಿ ಇದೆಯೇ, ಅದರಲ್ಲಿ ನಿಮ್ಮ ಬೀದಿಯ ಯಾವ ಮನೆಗಳಿವೆ ಅನ್ನುವುದನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಎರಡು ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ನೋಡಿ. ತಮಾಷೆ ಅಲ್ಲೇ ಇರುತ್ತದೆ.

ಬೇಡಿಕೆಯಲ್ಲಿ ಮೊದಲು ಬೀದಿಯ ಬದಿಯ ಎತ್ತರ. ರಸ್ತೆಗೆ ಕಾಣುವ ಮೊದಲ ಅಂಕಣ ಈಗಿರುವಷ್ಟೇ ಎತ್ತರ ಇರಲಿ, ಹಿತ್ತಲ ಕಡೆ ಮಾತ್ರ ಮಹಡಿ ಏರಿಸಲು ಬಿಡಿ ಅಂತ ಕೇಳಿ. ಅಗ್ರಹಾರದ ನಿವೇಶನಗಳು ಉದ್ದ ಜಾಸ್ತಿ, ಅಗಲ ಕಡಿಮೆ. ಮುಂದೆ ಮನೆ, ನಡುವೆ ತೊಟ್ಟಿ, ಹಿಂದೆ ಹಿತ್ತಲು. ಆ ಹಿತ್ತಲಿನಲ್ಲಿ ಅಣ್ಣತಮ್ಮಂದಿರ ಸಮಸ್ಯೆಗೆ ಜಾಗ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಎರಡನೆಯದು ದುಡ್ಡು. ಜಗಲಿ, ಮುಂಭಾಗ ಉಳಿಸಿಕೊಳ್ಳುವವರಿಗೆ ಆಸ್ತಿ ತೆರಿಗೆಯಲ್ಲಿ ಕಡಿತ ಕೊಡಿ, ಕಟ್ಟದೆ ಬಿಟ್ಟ ಎತ್ತರಕ್ಕೆ ಟಿಡಿಆರ್ ಕೊಡಿ ಅಂತ ಬಾಯಿಬಿಟ್ಟು ಕೇಳಿ. ಟಿಡಿಆರ್ ಅಂದರೆ ನಿಮ್ಮ ಜಾಗದಲ್ಲಿ ಕಟ್ಟದೆ ಉಳಿಸಿದ ಹಕ್ಕನ್ನು ಬೇರೆ ಕಡೆ ಕಟ್ಟುವವರಿಗೆ ಮಾರುವುದು. ನಮ್ಮಲ್ಲಿ ಆ ಮಾತು ಹೆಚ್ಚಾಗಿ ರಸ್ತೆ ಅಗಲ ಮಾಡುವಾಗ ಕೇಳಿಬರುತ್ತದೆ. ಅಹಮದಾಬಾದ್ ಅದನ್ನು ಪೋಳ ಅನ್ನುವ ಹಳೇ ಕೇರಿಗಳ ಮರದ ಮನೆಗಳಿಗೂ ತಂದಿತು. 2017ರಲ್ಲಿ ಭಾರತದ ಮೊದಲ ವಿಶ್ವ ಪರಂಪರೆ ನಗರವಾದದ್ದು ಅದೇ ಊರು. ಕೇಳಿದ್ದೆಲ್ಲ ಸಿಗುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಕೇಳದೆ ಬಿಟ್ಟರೆ ಹಳೇ ಮನೆ ಉಳಿಸುವ ಖರ್ಚೆಲ್ಲ ನಿಮ್ಮ ಅಮ್ಮನ ಪಿಂಚಣಿಯ ಮೇಲೆ ಬೀಳುತ್ತದೆ.

ಮೂರನೆಯದು ಚರಂಡಿ, ಕೇಬಲ್, ಗಾಡಿ. ನಗಬೇಡಿ. ಹಳೇ ಬೀದಿಯಲ್ಲಿ ಮನೆ ಮಾರುವವರನ್ನು ಕೇಳಿದರೆ ‘ಕಾರು ನಿಲ್ಲಿಸಕ್ಕೆ ಜಾಗ ಇಲ್ಲ, ಮಳೆ ಬಂದರೆ ಮೋರಿ ನೀರು ಒಳಗೆ ಬರುತ್ತೆ’ ಅನ್ನುತ್ತಾರೆ. ಪರಂಪರೆ ಬೇಡ ಅಂತ ಮಾರುವವರನ್ನು ನಾನು ಕಂಡಿಲ್ಲ. ನಿಮ್ಮ ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ, ಅಂದರೆ ಕಸ ಸಾಗಿಸುವವರು ಓಡಾಡಲು ಬಿಟ್ಟ ಓಣಿ, ಇದೆಯೇ ನೋಡಿ. ಪ್ಲೇಗ್ ಬಂದು ಊರುಗಳು ತತ್ತರಿಸಿದ ಮೇಲೆ, 1903ರಲ್ಲಿ ಮೈಸೂರಿಗೆ ನಗರ ಸುಧಾರಣೆಯ ಟ್ರಸ್ಟ್ ಬೋರ್ಡ್ ಆಯಿತು. ಆ ಕಾಲದ ಬಡಾವಣೆಗಳಲ್ಲಿ ಮನೆಗಳ ಹಿಂದೆ ಇಂಥ ಗಲ್ಲಿ ಬಿಡುತ್ತಿದ್ದರು. ಈಗ ಅರ್ಧಕ್ಕೆ ಗೋಡೆ ಬಂದಿರುತ್ತದೆ, ಇನ್ನರ್ಧ ಕಸ. ಅದನ್ನು ಬಿಡಿಸಿದರೆ ಪೈಪು, ಕೇಬಲ್ ಎಲ್ಲ ಹಿಂದೆ ಹೋಗುತ್ತವೆ, ಜಗಲಿಯ ಮುಂದಿನ ಜಾಗ ಬಿಡುವಾಗುತ್ತದೆ.

ಪ್ಯಾಟ್ರಿಕ್ ಗೆಡ್ಡಿಸ್ ಅಂತ ಸ್ಕಾಟ್ಲೆಂಡಿನ ಒಬ್ಬ ನಗರ ಯೋಜಕ 1914–15ರಲ್ಲಿ ಮದ್ರಾಸ್ ಪ್ರಾಂತ್ಯದ ಊರುಗಳನ್ನು ಸುತ್ತಿ ವರದಿ ಬರೆದ. ಆಗ ಆ ಪ್ರಾಂತ್ಯದಲ್ಲಿದ್ದ ನಮ್ಮ ಬಳ್ಳಾರಿಗೂ ಬಂದಿದ್ದ. ಹಳೇ ಬೀದಿಯ ಹೊಟ್ಟೆ ಸೀಳಿ ನೇರ ರಸ್ತೆ ಎಳೆಯುವ ಎಂಜಿನಿಯರುಗಳ ಚಾಳಿ ಅವನಿಗೆ ಆಗುತ್ತಿರಲಿಲ್ಲ. ತೀರಾ ಕೆಟ್ಟ ಒಂದೆರಡು ಕಟ್ಟಡ ಮಾತ್ರ ತೆಗೆಯಿರಿ, ಆ ಜಾಗ ಬಯಲಾಗಿ ಬಿಡಿ, ಮರ ನೆಡಿ, ಉಳಿದವರು ಇದ್ದಲ್ಲೇ ಇರಲಿ ಅನ್ನುವುದು ಅವನ ದಾರಿ. ನೂರು ವರ್ಷ ದಾಟಿದರೂ ಇದಕ್ಕಿಂತ ಒಳ್ಳೇ ಸಲಹೆ ನನ್ನಲ್ಲಿಲ್ಲ. ನಿಮ್ಮ ಬೀದಿಯಲ್ಲೂ ಉಳಿಸಲಾಗದ ಒಂದೆರಡು ಮನೆ ಇದ್ದೇ ಇರುತ್ತವೆ. ಅವನ್ನೂ ಪಟ್ಟಿಗೆ ತುರುಕಬೇಡಿ. ಹಳೆಯದೆಲ್ಲ ಉಳಿಯಬೇಕು ಅನ್ನುವ ಅರ್ಜಿಯನ್ನು ಅಧಿಕಾರಿಗಳು ಪಕ್ಕಕ್ಕೆ ಸರಿಸುವುದು ಬಲು ಸುಲಭ.

ಯಾವಾಗ ಕೊಡಬೇಕು ಅನ್ನುವುದೂ ಮುಖ್ಯ. ಊರಿನ ಮಹಾಯೋಜನೆ (ಮಾಸ್ಟರ್ ಪ್ಲಾನ್) ಅಥವಾ ಅದರ ಪರಿಷ್ಕರಣೆಯ ಕರಡು ಹೊರಬಂದಾಗ ಆಕ್ಷೇಪಣೆ, ಸಲಹೆಗೆ 60 ದಿನ ಕೊಡಬೇಕು ಅಂತ ಕಾಯ್ದೆಯಲ್ಲೇ ಇದೆ. ಹೆಚ್ಚಿನವರಿಗೆ ಗೊತ್ತಾಗುವುದು 61ನೇ ದಿನ. ಈಗಲೇ ಒಂದು ಪ್ರತಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಕರಡು ಬಂದ ದಿನ ಅದೇ ಕಾಗದವನ್ನು ಆಕ್ಷೇಪಣೆಯಾಗಿ ಮತ್ತೆ ಕೊಡಿ. ಸಹಿ ಹಾಕುವವರಲ್ಲಿ ಬಾಡಿಗೆಯವರು, ಮೂಲೆಯ ಕಾಫಿಪುಡಿ ಅಂಗಡಿಯವರು, ನಾಲ್ಕು ಮಹಡಿ ಕಟ್ಟಿದ ಆ ಎರಡು ಮನೆಯವರೂ ಇರಲಿ. ಅವರನ್ನು ಬಿಟ್ಟು ಮಾಡಿದರೆ ನಾಳೆ ಎದುರು ಅರ್ಜಿ ಬರುವುದು ಅವರಿಂದಲೇ.

ಇನ್ನು ಅಣ್ಣತಮ್ಮಂದಿರ ವಿಷಯ. ಬಿಲ್ಡರ್ ಎಷ್ಟು ಕೊಡುತ್ತೇನೆ ಅಂದರು ಅನ್ನುವುದನ್ನು ನೀವು ಬರೆದಿಲ್ಲ. ಎಷ್ಟೇ ಇರಲಿ, ಕಂಬ, ತೊಲೆ, ಬಾಗಿಲುವಾಡದ ಬೆಲೆ ಅದರಲ್ಲಿ ಸೇರಿದೆಯೇ ಕೇಳಿ. ನಿಮ್ಮ ಮನೆಯದು ತೇಗವಾದರೆ ಹಳೇ ಮರದ ವ್ಯಾಪಾರಿಗಳ ಹತ್ತಿರ ಒಳ್ಳೇ ದುಡ್ಡು ಹುಟ್ಟುತ್ತದೆ. ಎಷ್ಟೋ ಕಡೆ ಅದನ್ನು ಕೆಡವುವ ಗುತ್ತಿಗೆದಾರ ಸದ್ದಿಲ್ಲದೆ ಒಯ್ಯುತ್ತಾನೆ. ಮೂವರೂ ಒಟ್ಟಿಗೆ ಕೂತಾಗ ಎರಡು ಲೆಕ್ಕ ಮುಂದಿಡಿ. ಒಂದು ಬಿಲ್ಡರ್‌ದು. ಇನ್ನೊಂದು, ಮುಂದಿನ ಮನೆ ಮತ್ತು ತೊಟ್ಟಿ ಉಳಿಸಿಕೊಂಡು ಹಿತ್ತಲಿನಲ್ಲಿ ಎರಡು ಚಿಕ್ಕ ಮನೆ ಕಟ್ಟುವುದು. ಎರಡನೆಯದರಲ್ಲಿ ಕೈಗೆ ಬರುವ ದುಡ್ಡು ಕಡಿಮೆ, ಅದನ್ನು ಮುಚ್ಚಿಡಬೇಡಿ. ಆದರೆ ನೆಲ ಪೂರ್ತಿ ನಿಮ್ಮದಾಗಿಯೇ ಉಳಿಯುತ್ತದೆ, ಅಮ್ಮ ಕೊನೇ ಕಾಲದಲ್ಲಿ ಬಾಡಿಗೆ ಮನೆಗೆ ಹೋಗಬೇಕಾಗುವುದಿಲ್ಲ. ಅಣ್ಣಂದಿರು ಒಪ್ಪದೇ ಹೋದರೆ? ಆಗ ಯಾವ ಪಾರಂಪರಿಕ ನಿಯಮವೂ ನಿಮ್ಮನ್ನು ಕಾಯುವುದಿಲ್ಲ. ಒಬ್ಬ ವಕೀಲರನ್ನು ನೋಡಿ.

ಕೊನೆಗೆ ಮನೆಯ ವಿಷಯ. ಅರ್ಜಿ ವರ್ಷಗಟ್ಟಲೆ ಓಡಾಡಬಹುದು, ಮನೆ ಅಷ್ಟು ದಿನ ಕಾಯಬೇಕಲ್ಲ. ಒಂದು ತಪ್ಪು ಹೇಳಿಕೊಳ್ಳುತ್ತೇನೆ. ನಾನು ಕೆಲಸ ಶುರುಮಾಡಿದ ಹೊಸದರಲ್ಲಿ ಇಂಥದೇ ಒಂದು ಮನೆಯ ಗೋಡೆ ಗಟ್ಟಿಯಾಗಲಿ ಅಂತ ಸಿಮೆಂಟ್ ಗಾರೆ ಮೆತ್ತಿಸಿದೆ. ಮೇಲೆ ನುಣ್ಣಗೆ ಪೇಂಟು. ಎರಡೇ ಮಳೆಗಾಲ, ಚಪ್ಪಡಿ ಚಪ್ಪಡಿಯಾಗಿ ಉದುರಿತು, ಜೊತೆಗೆ ಒಳಗಿನ ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡು ಬಂತು. ಹಳೇ ಇಟ್ಟಿಗೆ, ಸುಣ್ಣದ ಗೋಡೆ ನೀರು ಕುಡಿಯುತ್ತದೆ, ಬಿಸಿಲಿಗೆ ಬಿಡುತ್ತದೆ. ಸಿಮೆಂಟ್ ಅದರ ಉಸಿರು ಕಟ್ಟುತ್ತದೆ. ಆ ಮನೆಯ ಅಜ್ಜಿ ನನ್ನನ್ನು ಬಯ್ಯಲಿಲ್ಲ. ‘ಅಳಲೆಕಾಯಿ, ಬೆಲ್ಲ ಹಾಕಿ ಅರೆದಿದ್ದೆಯೇನಪ್ಪಾ?’ ಅಂತ ಮಾತ್ರ ಕೇಳಿದರು. ನಾನು ಸುಣ್ಣವನ್ನೇ ಹಾಕಿರಲಿಲ್ಲ. ನಿಮ್ಮ ಗೋಡೆ ಎಲ್ಲಾದರೂ ಉದುರಿದ್ದರೆ ಸುಣ್ಣದ ಗಾರೆ ಬಲ್ಲವರನ್ನೇ ಹುಡುಕಿ. ಸಿಗದಿದ್ದರೆ ಸಿಗುವ ತನಕ ಹಾಗೇ ಬಿಟ್ಟಿರಿ, ಸಿಮೆಂಟ್ ಮಾತ್ರ ಮುಟ್ಟಿಸಬೇಡಿ.

ಇದಕ್ಕಿಂತ ಅವಸರದ್ದು ತೊಟ್ಟಿಯ ನಾಲ್ಕು ಮೂಲೆ. ಎರಡು ಕಡೆಯ ಹೆಂಚು ಸೇರುವಲ್ಲಿ ಒಂದು ತಗಡಿನ ದೋಣಿ ಇರುತ್ತದೆ. ಅದು ತೂತಾಗಿದ್ದರೆ ನೀರು ನೇರ ತೊಲೆಯ ತುದಿಗೆ ಇಳಿಯುತ್ತದೆ. ತೊಲೆ ಗೋಡೆಯೊಳಗೆ ಹುದುಗಿರುವುದರಿಂದ ಕೊಳೆತದ್ದು ಕಣ್ಣಿಗೆ ಕಾಣುವುದಿಲ್ಲ. ಆಮೇಲೆ ಗೆದ್ದಲು. ಒಂದು ಸ್ಕ್ರೂಡ್ರೈವರ್ ತೆಗೆದುಕೊಂಡು ನಾಲ್ಕೂ ಮೂಲೆಯ ತೊಲೆಯನ್ನು ಗೋಡೆಯ ಹತ್ತಿರ ಚುಚ್ಚಿ ನೋಡಿ. ಸಲೀಸಾಗಿ ಒಳಗೆ ಹೋದರೆ ಆ ಕೋಣೆಯಲ್ಲಿ ಅಮ್ಮನನ್ನು ಮಲಗಿಸಬೇಡಿ, ಕೆಳಗೆ ಒಂದು ಊರೆ ಕೊಡಿಸಿ, ಕಟ್ಟಡ ಬಲ್ಲ ಎಂಜಿನಿಯರನ್ನು ಕರೆಸಿ. ಗಟ್ಟಿಯಾಗಿದ್ದರೆ ದೋಣಿ ಬದಲಿಸಿ, ಒಡೆದ ಹೆಂಚು ತೆಗೆದು ಬೇರೆ ಕೂರಿಸಿ, ತೊಟ್ಟಿಯ ಮೋರಿ ಬಿಡಿಸಿ. ಮೇ ತಿಂಗಳೊಳಗೆ ಮುಗಿಯಲಿ. ಹೊಸ ಅರ್ಜಿ ಬರೆದಾದ ಮೇಲೆ ಅದನ್ನೂ, ನಾಲ್ಕು ಮೂಲೆಯ ಫೋಟೋಗಳನ್ನೂ ಕಳಿಸಿ, ನೋಡಿ ಹೇಳುತ್ತೇನೆ.